ಊದಿದ ಕಣ್ಣಿನ ಗುರುತು

ನಮ್ಮ ತಿಪಟೂರಿನಲ್ಲಿ ಎದೆಯಿಂದ ಹೊಕ್ಕುಳವರೆಗೆ ಎಲ್ಲಿ ಏನಾದರೂ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ನಾನು ಪಾಠ ಮಾಡುವ ಶಾಲೆಯ ಮೆಟ್ಟಿಲು ಹತ್ತಿ ಒಂಬತ್ತನೇ ತರಗತಿ ಮುಟ್ಟುವಷ್ಟರಲ್ಲಿ ಏದುಸಿರು ಬರತೊಡಗಿದಾಗ ನನಗೂ ಬೇರೇನೂ ಹೊಳೆಯಲಿಲ್ಲ. ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು. ಕುಡಿದು ಗಣಿತ ಪಾಠ ಮುಂದುವರಿಸಿದೆ.

ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.9, ತೀರಾ ಕಡಿಮೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದು, ‘ಮಲ ಕಪ್ಪಗಾಗುತ್ತದೆ, ಗಾಬರಿಯಾಗಬೇಡಿ’ ಎಂದರು. ಅವರು ಹೇಳಿದ್ದು ನಿಜವೇ. ಆದರೆ ಮಾತ್ರೆ ಶುರುವಾಗುವ ಎಷ್ಟೋ ದಿನ ಮೊದಲೇ ಅದು ಕಪ್ಪಾಗಿತ್ತು ಎಂಬುದನ್ನು ನಾನು ಹೇಳಿರಲಿಲ್ಲ. ಡಾಂಬರಿನ ಹಾಗೆ ಅಂಟಂಟು, ಎರಡು ಚೊಂಬು ನೀರು ಹಾಕಿದರೂ ಹೋಗದು, ಹಿತ್ತಲವರೆಗೂ ಬರುವ ಒಂದು ಕಮಟು ವಾಸನೆ. ಇಂಥದ್ದನ್ನು ಯಾರ ಮುಂದೆ ಬಾಯಿ ಬಿಟ್ಟು ಹೇಳುವುದು? ಗಂಡನಿಗೂ ಹೇಳಿರಲಿಲ್ಲ. ಕರುಳಿನೊಳಗೆ ಸೋರಿದ ರಕ್ತ ಜೀರ್ಣವಾಗಿ ಹಾಗೆ ಕಪ್ಪಾಗುತ್ತದಂತೆ. ಮಾತ್ರೆಯ ಕಪ್ಪು ಬಂದು ರಕ್ತದ ಕಪ್ಪನ್ನು ಮುಚ್ಚಿಹಾಕಿತು. ನನ್ನ ನಾಚಿಕೆಯೂ ಅದಕ್ಕೆ ಸಹಾಯ ಮಾಡಿತು.

ಆಮೇಲೆ ಬಾಯಿಂದ ಒಂದು ಎಂಡೋಸ್ಕೋಪಿ, ಕೆಳಗಿನಿಂದ ಒಂದು ಕೊಲೊನೋಸ್ಕೋಪಿ. ಎರಡೂ ಸ್ವಚ್ಛ. ‘ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಎಂದು ಕಳಿಸಿದರು. ಮೇಲಿನಿಂದ ಇಳಿಯುವ ನಳಿಕೆಗೂ ಕೆಳಗಿನಿಂದ ಏರುವ ನಳಿಕೆಗೂ ನಡುವೆ ಸುಮಾರು ಆರು ಮೀಟರ್ ಸಣ್ಣ ಕರುಳು ಯಾರೂ ನೋಡದೆ ಉಳಿಯುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ. ಲೆಕ್ಕದ ಮೇಷ್ಟರಾದ ನಾನಾದರೂ ಕೇಳಬಹುದಿತ್ತು. ಐದು ತಿಂಗಳು ಹೀಗೇ ಹೋಯಿತು. ಕೊನೆಗೆ ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಪೈಥಾಗೊರಸ್ ಪ್ರಮೇಯದ ಚಿತ್ರ ಬರೆಯುತ್ತಾ, ತ್ರಿಕೋನದ ಮೂರನೇ ಗೆರೆ ಎಳೆಯುವ ಮೊದಲೇ ಕುಸಿದು ಬಿದ್ದೆ.

ಎರಡು ಬಾಟಲಿ ರಕ್ತ ಕೊಟ್ಟು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸಿಟಿ ಸ್ಕ್ಯಾನ್‌ನಲ್ಲಿ ಕಾಣಿಸಿತು. ಸಣ್ಣ ಕರುಳಿಗೆ ಅಂಟಿಕೊಂಡಿದ್ದ ಎಂಟು ಸೆಂಟಿಮೀಟರಿನ ಗಡ್ಡೆ. ಸೂಜಿ ಚುಚ್ಚಿ ಚೂರು ತೆಗೆದು ನೋಡುವುದಿಲ್ಲವೇ ಎಂದು ಇವರು ಕೇಳಿದರು. ಸರ್ಜನ್ ತಲೆಯಾಡಿಸಿದರು. ಇಂಥ ಗಡ್ಡೆ ಒಡೆದರೆ ಹೊಟ್ಟೆಯ ತುಂಬ ಬೀಜ ಬಿತ್ತಿದ ಹಾಗೆ. ‘ಮೊದಲು ಇಡಿಯಾಗಿ ತೆಗೆಯೋಣ, ಹೆಸರು ಆಮೇಲೆ ಇಡೋಣ’ ಎಂದರು.

ಹೆಸರು ಬಂದದ್ದು ಹನ್ನೆರಡು ದಿನದ ಮೇಲೆ. ಜಿಸ್ಟ್. ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡು, ‘ಇದು ಕ್ಯಾನ್ಸರಾ?’ ಎಂದು ಕೇಳಿದೆ. ಹೌದು, ಆದರೆ ಸಾಮಾನ್ಯ ಹೊಟ್ಟೆಯ ಕ್ಯಾನ್ಸರ್ ಅಲ್ಲ, ಮಾಂಸಖಂಡ, ಕೊಬ್ಬಿನಂಥ ಅಂಗಾಂಶಗಳಲ್ಲಿ ಹುಟ್ಟುವ ಸಾರ್ಕೋಮಾ ಜಾತಿಯದು, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹತ್ತು ಹದಿನೈದು ಮಂದಿಗೆ ಬರುವಂಥದ್ದು ಎಂದರು. ಕರುಳಿಗೆ ತಾಳ ಹಾಕಿ ನಡೆಸುವ ಕಹಾಲ್ ಕೋಶಗಳೆಂಬವು ಇವೆಯಂತೆ, ಅವುಗಳಿಗೆ ಸಂಬಂಧಿಸಿದ ರೋಗ. 1998ರಲ್ಲಿ ಜಪಾನಿನ ವಿಜ್ಞಾನಿಗಳು ಕಿಟ್ ಎಂಬ ಜೀನ್‌ನ ದೋಷವನ್ನು ಇದರಲ್ಲಿ ಗುರುತಿಸಿದರು. 2000ರಲ್ಲಿ ಫಿನ್‌ಲೆಂಡಿನ ಒಬ್ಬ ಹೆಂಗಸಿಗೆ, ರಕ್ತದ ಕ್ಯಾನ್ಸರಿಗೆಂದು ತಯಾರಾಗಿದ್ದ ಇಮ್ಯಾಟಿನಿಬ್ ಮಾತ್ರೆಯನ್ನು ಕೊಟ್ಟು ನೋಡಿದರು, ಗಡ್ಡೆಗಳು ಕುಗ್ಗಿದವು. ಅದಕ್ಕೂ ಮೊದಲು ಈ ರೋಗಕ್ಕೆ ಕತ್ತರಿ ಬಿಟ್ಟರೆ ಕೆಲಸಕ್ಕೆ ಬರುವ ಮದ್ದು ಇರಲಿಲ್ಲ. ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಅವಳು ನೆನಪಾಗುತ್ತಾಳೆ.

ನನಗೂ ಅದೇ ಮಾತ್ರೆ. ದಿನಕ್ಕೆ 400 ಮಿಲಿಗ್ರಾಂ, ರಾತ್ರಿ ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ, ಮೂರು ವರ್ಷ. ಇದರ ಮೂಲ ಕಂಪನಿ ನೊವಾರ್ಟಿಸ್‌ನ ಬ್ರ್ಯಾಂಡಿಗೆ ಒಂದು ಕಾಲದಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದರ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿತು. ಮರುದಿನ ಪತ್ರಿಕೆಯಲ್ಲಿ ಆ ಸುದ್ದಿಯ ಮೇಲೆ ಕಣ್ಣಾಡಿಸಿ ಪುಟ ಮಗುಚಿದ್ದೆನೇನೋ. ನನಗೆ ನಮ್ಮ ದೇಶದ ಕಂಪನಿಯ ಮಾತ್ರೆ ತಿಂಗಳಿಗೆ ಮೂರು ಸಾವಿರದೊಳಗೆ ಸಿಗುತ್ತಿತ್ತು.

ಕಷ್ಟವಾದದ್ದು ಜನರಿಗೆ ಹೇಳುವುದು. ಕೂದಲು ಉದುರಲಿಲ್ಲ, ಕಿಮೋ ಬಾಟಲಿ ತೂಗುಹಾಕಿಕೊಂಡು ಮಲಗಲಿಲ್ಲ. ನೋಡಲು ಬಂದ ನೆಂಟರು ನನ್ನ ಜಡೆಯನ್ನು ನೋಡಿ ಒಂಥರಾ ನಿರಾಶರಾಗಿ ಎಳನೀರು ಇಟ್ಟು ಹೋದರು. ‘ಬರೀ ಮಾತ್ರೆಯಾ? ಹಾಗಾದರೆ ದೊಡ್ಡದೇನಲ್ಲ ಬಿಡಿ’ ಎಂದರು ಸೋದರತ್ತೆ. ಆ ಬರೀ ಮಾತ್ರೆ ರಾತ್ರಿ ಎರಡು ಗಂಟೆಗೆ ಮೀನಖಂಡವನ್ನು ಕಲ್ಲಾಗಿಸಿ ಎಬ್ಬಿಸುತ್ತಿತ್ತು. ಹಗಲು ಸೀಮೆಸುಣ್ಣ ಹಿಡಿದ ಬೆರಳುಗಳು ಸೆಟೆದುಕೊಂಡು ಬಿಡುತ್ತಲೇ ಇರಲಿಲ್ಲ. ಎಡಗೈಯಿಂದ ಒಂದೊಂದಾಗಿ ಬಿಡಿಸಬೇಕಿತ್ತು. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಪೂರಿಯ ಹಾಗೆ ಊತ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪಿಸುದನಿಯಲ್ಲಿ, ‘ಮಿಸ್, ಅತ್ತಿದ್ದೀರಾ?’ ಎಂದು ಕೇಳಿದಳು. ರೋಗ ಗೊತ್ತಾದಾಗಿನಿಂದ ನಾನು ಅತ್ತಿರಲಿಲ್ಲ. ಅವತ್ತು ಸ್ಟಾಫ್ ರೂಮಿಗೆ ಹೋಗಿ ಅತ್ತೆ.

ಎರಡನೇ ವರ್ಷ, ಸ್ಕ್ಯಾನ್ ವರದಿ ತೋರಿಸಲು ಆಸ್ಪತ್ರೆಯಲ್ಲಿ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡ ಐವತ್ತು ದಾಟಿದ ಗಂಡಸೊಬ್ಬರು ನನ್ನ ಮುಖವನ್ನೇ ನೋಡುತ್ತಿದ್ದರು. ಮುಜುಗರವಾಗಿ ಸೆರಗು ಸರಿಪಡಿಸಿಕೊಂಡು ನಾನೂ ನೋಡಿದೆ. ಅವರ ಕಣ್ಣೂ ಊದಿತ್ತು. ಅದೇ ಊತ, ರೆಪ್ಪೆಯ ಕೆಳಗೆ ನೀರು ತುಂಬಿದ ಹಾಗೆ.

‘ಮೇಡಂ, ಜಿಸ್ಟಾ?’

ಆ ಪದವನ್ನು ಡಾಕ್ಟರಲ್ಲದವರ ಬಾಯಿಂದ ನಾನು ಮೊದಲ ಸಲ ಕೇಳಿದ್ದು ಅಂದೇ. ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಕಾರಟಗಿಯ ಕಡೆಯವರು, ಅಕ್ಕಿ ಗಿರಣಿಯಲ್ಲಿ ಕೆಲಸ. ಹೊಲ ಎಷ್ಟು, ಮಕ್ಕಳೆಷ್ಟು ಎಂದು ಕೇಳಿಕೊಳ್ಳುವ ಹಾಗೆ ನಿಮ್ಮದು ಎಷ್ಟು ಸೆಂಟಿಮೀಟರ್, ನಿಮ್ಮದು ಹೊಟ್ಟೆಯದೋ ಕರುಳಿನದೋ ಎಂದು ಕೇಳಿಕೊಂಡೆವು. ಅವರ ಗಡ್ಡೆಯ ಜೀನ್ ದೋಷ ಬೇರೆ ಜಾಗದ್ದು, ಎಕ್ಸಾನ್ ಎಂದು ಕರೆಯುವ ಜೀನ್‌ನ ತುಂಡುಗಳಲ್ಲಿ ಒಂಬತ್ತನೆಯದು. ಯಕೃತ್ತಿಗೂ ಹೋಗಿತ್ತು, ಹಾಗಾಗಿ ದಿನಕ್ಕೆ ಎರಡು ಮಾತ್ರೆ. ನನ್ನದು ಎಕ್ಸಾನ್ ಹನ್ನೊಂದು. ‘ನೀವು ಮುಂದಿನ ತರಗತಿಯವರು’ ಎಂದು ನಕ್ಕರು. ರಾತ್ರಿ ಕಾಲು ಹಿಡಿದುಕೊಂಡಾಗ ಅಂಗಾಲನ್ನು ತಣ್ಣನೆಯ ಗೋಡೆಗೆ ಒತ್ತಿ ಹಿಡಿಯಬೇಕೆಂದು ಚಪ್ಪಲಿ ಬಿಟ್ಟು, ಆಸ್ಪತ್ರೆಯ ಗೋಡೆಗೆ ಪಾದವಿಟ್ಟು ತೋರಿಸಿದರು. ಸುತ್ತಲಿನವರು ನೋಡುತ್ತಿದ್ದರು. ನಾನೂ ಒಂದು ಚಪ್ಪಲಿ ಬಿಟ್ಟೆ.

ನನ್ನ ಟೋಕನ್ ಸಂಖ್ಯೆ ಕೂಗಿದರು. ಫೈಲು ಎತ್ತಿಕೊಳ್ಳುತ್ತಿದ್ದಾಗ ಅವರು ಕೇಳಿದರು, ‘ಈ ಮಾತ್ರೆಗೆ ಆಗುವುದಿಲ್ಲ, ಚಕ್ಕೋತ ತಿನ್ನಬೇಡಿ ಎಂದು ನಿಮಗೂ ಹೇಳಿದ್ದಾರೇನು?’

‘ಹೇಳಿದ್ದಾರೆ.’

‘ನಾನು ಅದನ್ನು ನೋಡಿಯೇ ಇಲ್ಲ. ಹೇಗಿರುತ್ತದೆ ಮೇಡಂ?’

ಎರಡು ಕೈ ಜೋಡಿಸಿ ಗಾತ್ರ ತೋರಿಸಿದೆ. ‘ಇಷ್ಟು ದೊಡ್ಡದು. ದೇವನಹಳ್ಳಿಯದಾದರೆ ಒಳಗೆ ಕೆಂಪಗೆ ಇರುತ್ತದೆ. ಉಪ್ಪುಖಾರ ಹಾಕಿ ತಿನ್ನಬೇಕು’ ಎಂದೆ.