ಅವ್ವನ ಬೀಸುವ ಪದಗಳ ಎರಡನೆಯ ಪ್ರತಿ

ಕಳೆದ ಮೇ ತಿಂಗಳ ಒಂದು ಸಂಜೆ ಕಲಬುರಗಿಯಲ್ಲಿ ಬಿರುಗಾಳಿಯೊಡನೆ ಮಳೆ ಬಂದು ಕರೆಂಟ್ ಹೋಯಿತು. ಅದು ಮರಳಿ ಬಂದಾಗ ಮನೆಯ ಬಲ್ಬುಗಳು ಒಮ್ಮೆ ಕಣ್ಣು ಕೋರೈಸುವಂತೆ ಉರಿದು ಆರಿದವು, ಕಂಪ್ಯೂಟರಿನ ಹಿಂಬದಿಯಿಂದ ಸುಟ್ಟ ವಾಸನೆ ಬಂತು. ಕಂಪ್ಯೂಟರಿನೊಳಗಿದ್ದ ಹಾರ್ಡ್ ಡಿಸ್ಕ್ ಮತ್ತು ಬ್ಯಾಕಪ್ಪಿಗೆಂದು ಕೊಂಡು ತಂದು ವರ್ಷದಿಂದ ಅದೇ ಪೆಟ್ಟಿಗೆಗೆ ಜೋಡಿಸಿಯೇ ಇಟ್ಟಿದ್ದ ಇನ್ನೊಂದು ಹಾರ್ಡ್ ಡಿಸ್ಕ್, ಎರಡೂ ಒಂದೇ ಗಳಿಗೆಯಲ್ಲಿ ಹೋದವು.

ಹೊಲದ ಪಹಣಿ, ಮಗಳ 371(ಜೆ) ಪ್ರಮಾಣಪತ್ರದ ಸ್ಕ್ಯಾನ್, ಬ್ಯಾಂಕಿನ ಕಾಗದಗಳು ಅದರಲ್ಲಿದ್ದವು. ಇವನ್ನೆಲ್ಲ ಓಡಾಡಿ ಮತ್ತೆ ಪಡೆಯಬಹುದು. ಆದರೆ ಅವ್ವ ಬೀಸುವಾಗ ಹಾಡುತ್ತಿದ್ದ ಪದಗಳನ್ನು ನಾನು ಎದುರಿಗೆ ಕುಳಿತು ಮುದ್ರಿಸಿಕೊಂಡಿದ್ದ 42 ಧ್ವನಿಫೈಲುಗಳೂ ಅಲ್ಲಿಯೇ ಇದ್ದವು. ಅವ್ವ ಈಗ ಇಲ್ಲ.

ರಿಪೇರಿ ಅಂಗಡಿಯವರು ಡಿಸ್ಕಿನ ಬೋರ್ಡು ಸುಟ್ಟಿದೆ ಎಂದರು. ಅದೇ ಮಾದರಿಯ ಬೇರೆ ಬೋರ್ಡು ಹಾಕಿದರೆ ಸಾಕು ಎಂದು ನಾನು ತಿಳಿದಿದ್ದೆ. ಆದರೆ ಈಗಿನ ಡಿಸ್ಕುಗಳಲ್ಲಿ ಆಯಾ ಡಿಸ್ಕಿಗೆ ಮಾತ್ರ ಹೊಂದುವ ಮಾಹಿತಿಯನ್ನು ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ, ಅದನ್ನೂ ಹೊಸ ಬೋರ್ಡಿಗೆ ಸಾಗಿಸದಿದ್ದರೆ ಡಿಸ್ಕು ಓದುವುದಿಲ್ಲ. ನಮ್ಮದರಲ್ಲಿ ಆ ಚಿಪ್ಪೇ ಸುಟ್ಟಿತ್ತು.

ಎರಡು ವರ್ಷದ ಹಿಂದೆ ನಾಗರ ಪಂಚಮಿಗೆ ಬಂದಿದ್ದ ಅಕ್ಕನಿಗೆ ಈ ಪದಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟದ್ದು ಆಮೇಲೆ ನೆನಪಾಯಿತು. ಬೀದರಿಗೆ ಫೋನು ಮಾಡಿದರೆ, “ತಮ್ಮಾ, ಅದು ಟ್ರಂಕಿನ್ಯಾಗ ಅವ್ವನ ಸೀರಿ ನಡುವ ಹಂಗೇ ಅದ, ನಾ ಮುಟ್ಟೇ ಇಲ್ಲ” ಎಂದಳು. ಅದರಲ್ಲಿ 37 ಹೆಸರುಗಳು ಕಂಡವು, ಉಳಿದ 5 ಪದಗಳನ್ನು ಅದಾದ ಮೇಲೆ ಮುದ್ರಿಸಿದ್ದೆ. ಆ 37ರಲ್ಲಿಯೂ 6 ಫೈಲುಗಳ ಗಾತ್ರ ಸೊನ್ನೆ ಎಂದೇ ತೋರಿಸಿತು. ಅಂದು ಅಕ್ಕನ ಬಸ್ಸಿಗೆ ಹೊತ್ತಾಯಿತೆಂದು ನಾನು ಪೆನ್‌ಡ್ರೈವನ್ನು ಸರಕ್ಕನೆ ಕಿತ್ತು ಕೊಟ್ಟಿದ್ದೆ. ಪರದೆಯ ಮೇಲೆ ಫೈಲಿನ ಹೆಸರು ಮೂಡಿದ್ದರೂ ಒಳಗಿನ ದತ್ತಾಂಶವನ್ನು ಕಂಪ್ಯೂಟರ್ ಇನ್ನೂ ಬರೆಯುತ್ತಲೇ ಇರಬಹುದು, ಆದ್ದರಿಂದಲೇ ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂಬ ಸೂಚನೆ ಬರುವವರೆಗೆ ಕಾಯಬೇಕು.

ಬ್ಯಾಕಪ್ಪಿಗೆ 3-2-1 ಎಂಬ ನಿಯಮವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದರು: ಮೂಲವೂ ಸೇರಿ 3 ಪ್ರತಿಗಳಿರಬೇಕು, ಅವು 2 ಬಗೆಯ ಸಾಧನಗಳಲ್ಲಿರಬೇಕು, 1 ಪ್ರತಿಯಾದರೂ ಮನೆಯಿಂದ ಹೊರಗಿರಬೇಕು. ನಮ್ಮ ಮನೆಯಲ್ಲಿದ್ದ ಎರಡೂ ಪ್ರತಿಗಳು ಒಂದೇ ಪ್ಲಗ್ಗಿನಿಂದ ಕರೆಂಟ್ ಪಡೆಯುತ್ತಿದ್ದವು, ಹಾಗಾಗಿ ಲೆಕ್ಕದಲ್ಲಿ ಎರಡಿದ್ದರೂ ಅಪಾಯದ ಮಟ್ಟಿಗೆ ಅವು ಒಂದೇ ಆಗಿದ್ದವು. ಸದಾ ಜೋಡಿಸಿಟ್ಟ ಡಿಸ್ಕಿಗೆ ಬೇರೆ ಕಂಟಕವೂ ಇದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈಯಂತಹ ವೈರಸ್ಸು ಒಳಹೊಕ್ಕರೆ, ಆ ಕ್ಷಣ ಕಂಪ್ಯೂಟರಿಗೆ ಅಂಟಿಕೊಂಡಿರುವ ಡಿಸ್ಕುಗಳ ಫೈಲುಗಳಿಗೂ ಬೀಗ ಜಡಿದು ಹಣ ಕೇಳುತ್ತದೆ.

ಗೂಗಲ್ ಡ್ರೈವಿನಲ್ಲಿದೆಯಲ್ಲ, ಇನ್ನೇನು ಬೇಕು ಎಂದು ಕೆಲವರು ಕೇಳುತ್ತಾರೆ. ಪುಕ್ಕಟೆಯಾಗಿ ಸಿಗುವ 15 ಜಿಬಿ ಜಾಗ ಕಾಗದಪತ್ರಗಳಿಗೆ ಧಾರಾಳವಾಗಿ ಸಾಕು, ನಾನೂ ಬಳಸುತ್ತೇನೆ. ಆದರೆ ಕಂಪ್ಯೂಟರಿನ ಫೋಲ್ಡರನ್ನೂ ಅಲ್ಲಿಯ ಫೋಲ್ಡರನ್ನೂ ಒಂದೇ ಸಮನಾಗಿ ಇಡುವ ವ್ಯವಸ್ಥೆಯಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಅಲ್ಲಿಂದಲೂ ಹೋಗುತ್ತದೆ. ತಪ್ಪು ತಿಳಿಯುವುದು ಮೂರು ತಿಂಗಳಾದ ಮೇಲಾದರೆ ಅದರಿಂದ ಉಪಯೋಗವಿಲ್ಲ. ವಿಂಡೋಸಿನ ಫೈಲ್ ಹಿಸ್ಟರಿ ಹಾಗಲ್ಲ, ಅದು ಫೈಲಿನ ಹಳೆಯ ರೂಪಗಳನ್ನೂ ಬೇರೆ ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ.

ಈಗ ನನ್ನಲ್ಲಿ ಎರಡು ಹೊರಗಿನ ಹಾರ್ಡ್ ಡಿಸ್ಕುಗಳಿವೆ. ಒಂದನ್ನು ಭಾನುವಾರ ಮಾತ್ರ ಜೋಡಿಸಿ, ಪ್ರತಿ ಮಾಡಿದ ಕೂಡಲೇ ಬಿಡಿಸಿ ಅಲಮಾರಿಯಲ್ಲಿಡುತ್ತೇನೆ. ಇನ್ನೊಂದು ಬೀದರಿನಲ್ಲಿ ಅಕ್ಕನ ಮನೆಯಲ್ಲಿರುತ್ತದೆ. ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಅವನ್ನು ಅದಲುಬದಲು ಮಾಡುತ್ತೇವೆ, 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ಈ ಓಡಾಟ ಸುಲಭವಾಗಿದೆ. ಮನೆಯಿಂದ ಹೊರಹೋಗುವ ಡಿಸ್ಕಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಗುಪ್ತಪದ ಹಾಕಿದ್ದೇನೆ ಮತ್ತು ಆ ಗುಪ್ತಪದವನ್ನು ಕಾಗದದ ಮೇಲೆ ಬರೆದು ಅಕ್ಕನ ಕೈಗೆ ಬೇರೆಯಾಗಿ ಕೊಟ್ಟಿದ್ದೇನೆ, ಏಕೆಂದರೆ ಅದು ಮರೆತರೆ ಡಿಸ್ಕು ಇದ್ದೂ ಇಲ್ಲದಂತೆ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಇಡುವ ಪ್ರತಿಗೆ ಇನ್ನು ನಂಬುವುದಿಲ್ಲ. ಅದು ದತ್ತಾಂಶವನ್ನು ವಿದ್ಯುದಂಶದ ರೂಪದಲ್ಲಿ ಹಿಡಿದಿಡುತ್ತದೆ, ಬಿಸಿ ಹೆಚ್ಚಿದಷ್ಟೂ ಅದು ಬೇಗ ಸೋರುತ್ತದೆ, ನಮ್ಮ ಬೇಸಿಗೆಯಾದರೋ 42 ಡಿಗ್ರಿ ದಾಟುತ್ತದೆ.

ಪದಗಳ ಸಾಹಿತ್ಯವನ್ನು ನಾನು ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ್ದೆ. ಆ ಹಳೆಯ ಫೈಲುಗಳನ್ನು ನುಡಿ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಫೈಲು ಸುರಕ್ಷಿತವಾಗಿತ್ತು, ಓದುವ ದಾರಿಯನ್ನು ಮಾತ್ರ ಉಳಿಸಿರಲಿಲ್ಲ. ಈಗ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಇಟ್ಟು, ಬೇರೆ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯನ್ನೂ ಜೊತೆಗೆ ಸೇರಿಸಿದ್ದೇನೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫೈಲುಗಳು ಮನೆಯಲ್ಲಿರುವವರೆಲ್ಲ ಈ ಕೆಲಸವನ್ನು ಇಂದೇ ಮಾಡಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರತಿ ಮಾಡಿದ ಮೇಲೆ ತೆರೆದು ನೋಡುವ ಕೆಲಸಕ್ಕೆ ನಾನು ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತೇನೆ, ಅದನ್ನೂ ಬೇರೆಯ ಕಂಪ್ಯೂಟರಿನಲ್ಲಿ ಮಾಡುತ್ತೇನೆ. ಮೂಲದ ಫೈಲುಗಳ ಸಂಖ್ಯೆ ಮತ್ತು ಗಾತ್ರ ಪ್ರತಿಯದಕ್ಕೆ ತಾಳೆಯಾಗಬೇಕು. ಧ್ವನಿಫೈಲನ್ನು ಮೊದಲಿನಿಂದ ಕೇಳಿದರೆ ಸಾಲದು, ಅರ್ಧಕ್ಕೆ ನಿಂತ ಫೈಲೂ ಆರಂಭದಲ್ಲಿ ಸರಿಯಾಗಿಯೇ ಹಾಡಬಹುದು, ಆದ್ದರಿಂದ ಕೊನೆಯ ನುಡಿಯವರೆಗೆ ಸರಿಸಿ ಕೇಳುತ್ತೇನೆ. ಅಲ್ಲಿ ಅವ್ವ ಹಾಡು ಮುಗಿಸಿ, ಬೀಸುವ ಕಲ್ಲಿನ ಸದ್ದು ನಿಂತು, “ಸಾಕೇನಪ್ಪ?” ಎಂದು ಕೇಳುವ ದನಿ ಬಂದರೆ ಫೈಲು ಪೂರ್ತಿಯಾಗಿದೆ ಎಂದು ಗುರುತು ಹಾಕುತ್ತೇನೆ.

ಹೋದ 11 ಪದಗಳಲ್ಲಿ ಮೂರು ಅಕ್ಕನಿಗೆ ಬಾಯಿಗೆ ಬರುತ್ತವೆ. ಈ ಸಲ ದೀಪಾವಳಿಗೆ ಬೀದರಿಗೆ ಹೋದಾಗ ಆಕೆಯ ದನಿಯಲ್ಲಿ ಅವನ್ನು ಮುದ್ರಿಸಿಕೊಂಡು, ಅಂದೇ ರಾತ್ರಿ ಎರಡೂ ಡಿಸ್ಕಿಗೆ ಹಾಕಿ, ಕೊನೆಯವರೆಗೆ ಕೇಳಿ, ಒಂದನ್ನು ಆಕೆಯ ಟ್ರಂಕಿನಲ್ಲಿ ಬಿಟ್ಟು ಬಂದೆ.