ಒಂದೆಳೆ ತಪ್ಪಿದ ಭಾನುವಾರ

ಅಮ್ಮನ ರಕ್ತ ಪರೀಕ್ಷೆಯ ರಿಪೋರ್ಟ್ ಸೋಮವಾರ ಬರಬೇಕಿತ್ತು. ಭಾನುವಾರ ಮಾಡೋಕೆ ಏನೂ ಇರಲಿಲ್ಲ, ಕಾಯೋದೊಂದೇ. ಫೋನ್ ನೋಡಿದೆ, ಇಟ್ಟೆ, ಮತ್ತೆ ನೋಡಿದೆ. ಕೊನೆಗೆ ಅರ್ಧಕ್ಕೆ ಬಿಟ್ಟಿದ್ದ ಕಸೂತಿ ಬಟ್ಟೆ ಹಿಡಿದು ಕಿಟಕಿ ಪಕ್ಕ ಕೂತೆ.

ಕಸೂತಿಯ ಹೊಲಿಗೆಗಳಲ್ಲಿ ನನಗೆ ಗವಂತಿ ಅಂದ್ರೆ ಪ್ರಾಣ. ಬಟ್ಟೆ ಮೇಲೆ ಗೆರೆ ಹಾಕಿಕೊಳ್ಳುವುದಿಲ್ಲ, ನೇಯ್ಗೆಯ ಎಳೆ ಎಣಿಸಿಕೊಂಡೇ ಸಾಗಬೇಕು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಹೋಗುವಾಗ ಸಾಲಿನಲ್ಲಿ ಸಂದುಗಳು ಉಳಿಯುತ್ತವೆ. ವಾಪಸ್ ಬರುವಾಗ ಸೂಜಿ ಅದೇ ತೂತುಗಳಲ್ಲಿ ಹಾದು ಅವನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲ. ಹಾಗಾಗಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ.

ಅವತ್ತು ನಾನು ಹೊಲಿಯುತ್ತಿದ್ದ ಚೌಕ ಮುಚ್ಚಲಿಲ್ಲ. ಕೊನೆಯ ಹೊಲಿಗೆ ಶುರು ಮಾಡಿದ ಜಾಗಕ್ಕಿಂತ ಒಂದೇ ಒಂದು ಎಳೆ ಆಚೆ ನಿಂತಿತು. ಎಲ್ಲೋ ನಾಲ್ಕರ ಬದಲು ಐದು ಎಳೆ ಎಣಿಸಿದ್ದೆ.

ಬಿಚ್ಚಬೇಕಾಯಿತು. ನಿಜ ಹೇಳ್ತೀನಿ, ಹೊಲಿಯುವುದಕ್ಕಿಂತ ಬಿಚ್ಚುವಾಗಲೇ ಮನಸ್ಸು ಜಾಸ್ತಿ ತಣ್ಣಗಾಗುತ್ತದೆ. ಜಗ್ಗಿದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಸೂಜಿಯ ಕಣ್ಣಿನ ಕಡೆಯಿಂದ ಕೊನೆಯ ಹೊಲಿಗೆಯನ್ನು ಮೆಲ್ಲಗೆ ಎತ್ತಬೇಕು, ದಾರ ಎಳೆದುಕೊಳ್ಳಬೇಕು, ಆಮೇಲೆ ಅದರ ಹಿಂದಿನದು. ಅವಸರಕ್ಕೆ ಜಾಗವೇ ಇಲ್ಲ. ಬಿಚ್ಚಿದ ದಾರ ಜುಂಗು ಎದ್ದಿತ್ತು, ಅದನ್ನು ಬಿಟ್ಟೆ. ಲಡಿಯಿಂದ ಮೊಳದುದ್ದ ಹೊಸ ದಾರ ಕತ್ತರಿಸಿದೆ. ಅದರಲ್ಲಿ 6 ಎಳೆ ಇರುತ್ತವೆ. ಒಂದೆಳೆ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆದರೆ ಉಳಿದವು ಮುದುಡಿಕೊಂಡು, ಅದು ಬಿಡಿಸಿಕೊಂಡ ತಕ್ಷಣ ಮತ್ತೆ ಸಡಿಲವಾಗಿ ಇಳಿಬೀಳುತ್ತವೆ. ಅದನ್ನು ನೋಡೋದೇ ಒಂದು ಸುಖ.

ಎರಡೆಳೆ ಪೋಣಿಸಿ ಮತ್ತೆ ಶುರು ಮಾಡಿದೆ. ಒಂದು, ಎರಡು, ಮೂರು, ನಾಲ್ಕು. ಎಣಿಸುವಾಗ ತಲೆಯಲ್ಲಿ ಸೋಮವಾರಕ್ಕೆ ಜಾಗ ಇರುವುದಿಲ್ಲ. ನಡುವೆ ದಾರ ಹುರಿಗೊಂಡಾಗ ಸೂಜಿಯನ್ನು ಸುಮ್ನೆ ಕೆಳಗೆ ಇಳಿಬಿಟ್ಟೆ. ಅದು ತಾನೇ ಗಿರಗಿರ ತಿರುಗಿ, ಹುರಿ ಬಿಚ್ಚಿಕೊಂಡು, ನಿಧಾನವಾಗಿ ನಿಂತಿತು. ನಿಲ್ಲುವ ತನಕ ನೋಡುತ್ತಾ ಕೂತೆ.

ಅಮ್ಮ ಬಂದು ಲೈಟ್ ಹಾಕಿದಾಗಲೇ ಕತ್ತಲಾಗಿದ್ದು ಗೊತ್ತಾಯಿತು. ಚೌಕ ಮುಚ್ಚಿತ್ತು. ಬಟ್ಟೆ ಅವಳ ಕೈಗೆ ಕೊಟ್ಟೆ. ಆ ಕಡೆ ಈ ಕಡೆ ತಿರುವಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ತಿರುವಿ ಕೇಳಿದಳು: "ಇದ್ರಲ್ಲಿ ಉಲ್ಟಾ ಯಾವ್ದು?"