ಪುಟ್ಟ ಕೈಗೆ ತಕ್ಕ ಚಮಚ

ಜೂನ್ 12, 2025, ಗುರುವಾರ
ಬೆಂಗಳೂರು

ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಮನಸ್ಸಿಗೆ ತುಂಬಾ ಸಮಾಧಾನವಾಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ನಮ್ಮ ಶಿಶುವಿಹಾರದಲ್ಲಿ ಈ ವರ್ಷ 24 ಮಕ್ಕಳು. ಎರಡೂವರೆಯಿಂದ ಐದು ವರ್ಷದವರು. ಊಟ ಇಲ್ಲೇ. ಹೋದ ಗುರುವಾರ ಬಿಸಿಬೇಳೆಬಾತ್ ಮಾಡಿಸಿದ್ದೆವು. ಹೊಸದಾಗಿ ಸೇರಿದ ಮೂರು ವರ್ಷದ ಹುಡುಗಿಯ ಎದುರು ನಾನು ಕೂತಿದ್ದೆ. ಚಮಚವನ್ನು ಮುಷ್ಟಿ ಕಟ್ಟಿ ಹಿಡಿದು, ತಟ್ಟೆಯ ಅಂಚಿಗೆ ಒತ್ತಿ ಒತ್ತಿ, ಅಂತೂ ಒಂದು ತುತ್ತು ತುಂಬಿಕೊಂಡಳು. ಬಾಯಿಯ ಹತ್ತಿರ ಬರುವಷ್ಟರಲ್ಲಿ ಚಮಚ ಮುಷ್ಟಿಯೊಳಗೇ ಮಗುಚಿಕೊಂಡಿತು. ಬಾತ್ ಪೂರ್ತಿ ಫ್ರಾಕಿನ ಮೇಲೆ. ತಕ್ಷಣ ತಲೆಯೆತ್ತಿ ನನ್ನ ಮುಖ ನೋಡಿದಳು. ಆಂಟಿ ಬೈತಾರೇನೋ ಅಂತ. ಆ ನೋಟ ರಾತ್ರಿಯವರೆಗೂ ನನ್ನನ್ನು ಬಿಡಲಿಲ್ಲ.

ಮಕ್ಕಳೆಲ್ಲ ಮಲಗಿದ ಮೇಲೆ ಅದೇ ಚಮಚ ತೆಗೆದುಕೊಂಡು ಕೂತೆ. ಸ್ಕೇಲ್ ಇಟ್ಟು ಅಳೆದರೆ 18 ಸೆಂ.ಮೀ. ದೊಡ್ಡವರು ಊಟಕ್ಕೆ ಬಳಸುವುದು. ಹಿಡಿ ತೆಳ್ಳಗೆ, ಚಪ್ಪಟೆ. ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವುದಿಲ್ಲ, ತಿರುಗಿಬಿಡುತ್ತದೆ. ಗುಳಿ ಬೇರೆ ಆಳ. ಮಗುವಿನ ಮೇಲ್ತುಟಿ ತಳಕ್ಕೆ ಮುಟ್ಟದೆ ಅರ್ಧ ಅನ್ನ ಚಮಚದಲ್ಲೇ ಉಳಿಯುತ್ತದೆ. ಅಗಲವೂ ಜಾಸ್ತಿ, ಆ ಪುಟ್ಟ ಬಾಯಿಗೆ ಹಿಡಿಸುವುದಿಲ್ಲ. ಇಂಥ ಚಮಚ ಕೊಟ್ಟು "ಇವಳಿಗಿನ್ನೂ ತಾನಾಗಿ ತಿನ್ನೋಕೆ ಬರಲ್ಲ" ಅಂತ ಅಮ್ಮಂದಿರ ಹತ್ತಿರ ಹೇಳುತ್ತಿದ್ದೆವಲ್ಲ, ಅದು ನ್ಯಾಯವಲ್ಲ.

ಎರಡು ವರ್ಷದ ಮಗು ಚಮಚ ಹಿಡಿಯುವುದೇ ಮುಷ್ಟಿಯಲ್ಲಿ. ಮಣಿಕಟ್ಟು ತಿರುಗಿಸಿ ಚಮಚವನ್ನು ಮಟ್ಟಸವಾಗಿ ಇಟ್ಟುಕೊಳ್ಳಲು ನಿಧಾನವಾಗಿ ಕಲಿಯುತ್ತದೆ. ಮೂರು, ನಾಲ್ಕು ವರ್ಷದ ಹೊತ್ತಿಗೆ ಹಿಡಿತ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಈ ಮೂರೇ ಬೆರಳು. "ಯಾವಾಗಿಂದ ಬರೆಸ್ತೀರಿ ಮೇಡಂ?" ಅಂತ ಕೇಳುವವರಿಗೆ ನಾನು ಊಟದ ಜಾಗ ತೋರಿಸುತ್ತೇನೆ. ಬರೆಯುವ ಕೈ ತಯಾರಾಗುವುದು ಅಲ್ಲಿಂದಲೇ.

ಮಂಗಳವಾರ ಆಯಮ್ಮನನ್ನು ಕರೆದುಕೊಂಡು ಚಿಕ್ಕಪೇಟೆಗೆ ಹೋದೆ. ಹೋಗುವ ಮುಂಚೆ ನಾಲ್ಕು ಮಕ್ಕಳ ಕೈಯನ್ನು ಹಾಳೆಯ ಮೇಲೆ ಇಡಿಸಿ ಸುತ್ತ ಗೆರೆ ಎಳೆದುಕೊಂಡಿದ್ದೆ. ಆ ಹುಡುಗಿಯ ಅಂಗೈ ಅಗಲ ಬರೀ 5.5 ಸೆಂ.ಮೀ. ಮೆಟ್ರೋ ಇಳಿದು ಪಾತ್ರೆ ಅಂಗಡಿಗೆ ಹೋಗಿ ಹಾಳೆ ಬಿಚ್ಚಿಟ್ಟು, "ಈ ಕೈಗೆ ಚಮಚ ಬೇಕಣ್ಣ" ಅಂದೆ. ಅಂಗಡಿಯವರು ಒಂದು ಕ್ಷಣ ಹಾಳೆ ನೋಡಿದರು. ಆಮೇಲೆ ತುಂಬಾ ಆಸ್ಥೆಯಿಂದ ಒಂದೊಂದೇ ಡಬ್ಬ ತೆಗೆಸಿದರು.

ಮೊದಲು ಬಂದಿದ್ದು ಬಣ್ಣದ ಪ್ಲಾಸ್ಟಿಕ್ ಸೆಟ್, ಹಿಡಿಯ ಮೇಲೆ ಆನೆ, ಮೊಲ. ಮಕ್ಕಳಿಗೆ ಇಷ್ಟವಾಗುತ್ತದೆ, ನಿಜ. ಆದರೆ ನಮ್ಮಲ್ಲಿ ದಿನಾ ತಿಕ್ಕಿ ತೊಳೆದು, ಆಗಾಗ ಕುದಿಯುವ ನೀರಿಗೂ ಹಾಕುತ್ತೇವೆ. ಗೀರು ಬಿದ್ದ ಪ್ಲಾಸ್ಟಿಕ್ಕಿನಲ್ಲಿ ಜಿಡ್ಡು ಕೂತರೆ ಹೋಗುವುದಿಲ್ಲ. ಮೆಲಮೈನ್ ತಟ್ಟೆಯನ್ನೂ ತೋರಿಸಿದರು. ನೋಡಲು ಪಿಂಗಾಣಿ ಥರ, ಬಿದ್ದರೂ ಬೇಗ ಒಡೆಯುವುದಿಲ್ಲ. ಆದರೆ ಅದು ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಅನ್ನೋ ರಾಸಾಯನಿಕಗಳನ್ನು ಸೇರಿಸಿ ಮಾಡಿದ ಪ್ಲಾಸ್ಟಿಕ್. 70 ಡಿಗ್ರಿಗಿಂತ ಬಿಸಿಯಾದದ್ದಕ್ಕೆ ಅದನ್ನು ಬಳಸಬಾರದು. ಒಲೆಯಿಂದ ಇಳಿಸಿದ ಸಾರು ಅದಕ್ಕಿಂತ ಬಿಸಿ ಇರುತ್ತದೆ ಅಲ್ವಾ? ಬೇಡ ಅಂದುಬಿಟ್ಟೆ.

ಸಿಲಿಕೋನ್ ಚಮಚ ರಬ್ಬರಿನ ಥರ ಮೆತ್ತಗಿತ್ತು. ಹಲ್ಲು ಬರುತ್ತಿರುವ ಒಂದು ವರ್ಷದ ಕೂಸಿಗೆ ಚೆನ್ನಾಗಿದೆ. ನಮ್ಮ ಮಕ್ಕಳ ಉಪ್ಪಿಟ್ಟಿಗೆ ಬಾಗುತ್ತದೆ, ಅರಿಶಿನದ ಬಣ್ಣವನ್ನೂ ಎಳೆದುಕೊಳ್ಳುತ್ತದೆ. ಹಿಡಿ ಪಕ್ಕಕ್ಕೆ ಬಾಗಿರುವ ಚಮಚಗಳೂ ಇದ್ದವು. ನಾನು ಅದನ್ನೇ ತೆಗೆದುಕೊಳ್ಳುವವಳಿದ್ದೆ. ಆಯಮ್ಮ ಕೈ ಹಿಡಿದು ನಿಲ್ಲಿಸಿದರು. "ಅಕ್ಕ, ಇದು ಬಲಗೈಯವರಿಗೆ. ನಮ್ಮ ಎಡಗೈ ಮಕ್ಕಳಿಬ್ಬರು ಏನು ಮಾಡಬೇಕು?" ಎಷ್ಟು ಸರಿಯಾದ ಮಾತು! ಮೊದಲೇ ಆ ಇಬ್ಬರಿಗೆ ಮನೆಯಲ್ಲಿ "ಬಲಗೈಲಿ ತಿನ್ನು" ಅಂತ ದಿನಾ ಹೇಳಿಸಿಕೊಂಡು ಸಾಕಾಗಿದೆ. ಇಲ್ಲಾದರೂ ಯಾವ ಕೈ ಬರುತ್ತೋ ಆ ಕೈಯಲ್ಲಿ ನೆಮ್ಮದಿಯಾಗಿ ತಿನ್ನಲಿ.

ಕೊನೆಗೆ ಅಟ್ಟದ ಮೇಲಿಂದ ಒಂದು ಡಬ್ಬ ಇಳಿಸಿದರು. ಸ್ಟೀಲಿನದು, 14 ಸೆಂ.ಮೀ. ಉದ್ದ. ಹಿಡಿ ನೇರ, ಗುಂಡಗೆ, ಕೈ ತುಂಬುವಷ್ಟು ದಪ್ಪ. ಗುಳಿ ಆಳವಿಲ್ಲ. ಹಿಂದೆ 304 ಅಂತ ಅಚ್ಚಿತ್ತು. ನೂರಕ್ಕೆ ಹತ್ತಿರ ಹತ್ತಿರ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ ಸ್ಟೀಲು ಅದು. 202 ಅನ್ನೋ ಅಗ್ಗದ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ, ಹುಣಸೆ ಹುಳಿ, ಉಪ್ಪು ತಾಗಿದರೆ ಬೇಗ ಕಲೆ ಹಿಡಿಯುತ್ತದೆ. ಮ್ಯಾಗ್ನೆಟ್ ಇಟ್ಟು ನೋಡಿ ಅಂತ ಸುಮಾರು ಜನ ಹೇಳುತ್ತಾರೆ. ಸಾಮಾನ್ಯವಾಗಿ ಎರಡಕ್ಕೂ ಅದು ಅಂಟುವುದಿಲ್ಲ, ಹಾಗಾಗಿ ಅದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ನಾನು ನೋಡಿದ್ದು ಅಂಚು. ಹಳೇ ಹತ್ತಿ ಕರ್ಚೀಫನ್ನು ಚಮಚದ ಸುತ್ತ ನಿಧಾನವಾಗಿ ಎಳೆದೆ. ಎಲ್ಲಾದರೂ ದಾರ ಸಿಕ್ಕಿಕೊಂಡರೆ ಮಗುವಿನ ತುಟಿಗೂ ತರಚುತ್ತದೆ. ಇದರಲ್ಲಿ ಎಲ್ಲೂ ಸಿಕ್ಕಲಿಲ್ಲ. ಮೊದಲು ಆರು ಮಾತ್ರ ತೆಗೆದುಕೊಂಡೆ. ಹಣ್ಣಿಗೆ ಅಂತ ಗಿಡ್ಡ ಹಲ್ಲಿನ, ತುದಿ ಮೊಂಡಾದ ಫೋರ್ಕ್ ಆರು.

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಎಂಬ ತಮ್ಮ ಮೊದಲ ಶಿಶುಶಾಲೆ ತೆರೆದರು. 1939ರಲ್ಲಿ ಮದ್ರಾಸಿಗೆ ಬಂದು ನಮ್ಮ ಕಡೆಯ ಟೀಚರ್‌ಗಳಿಗೂ ಕಲಿಸಿದರು. ಮಗುವಿನ ಕೈಯಳತೆಯ ವಸ್ತು ಇರಬೇಕು, ಆದರೆ ಅದು ಆಟಿಕೆಯಾಗಿರಬಾರದು, ನಿಜವಾದದ್ದೇ ಆಗಿರಬೇಕು ಎನ್ನುವುದು ಅವರ ನಂಬಿಕೆ. ತರಬೇತಿಯಲ್ಲಿ ಇದನ್ನು ಕೇಳಿ ಬರೆದುಕೊಂಡಿದ್ದೆ. ಅಂಗಡಿಯಲ್ಲಿ ಆ ಚಮಚ ಕೈಗೆ ಬಂದಾಗ ಅದರ ಅರ್ಥ ಪೂರ್ತಿ ಆಯಿತು.

ಒಂದು ಮಾತು. ಎಲ್ಲಕ್ಕೂ ಚಮಚವೇ ಆಗಬೇಕು ಅಂತ ಕೆಲವು ಮನೆಯವರು ಕೇಳುತ್ತಾರೆ. ಅದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಚಪಾತಿ, ಇಡ್ಲಿ, ಗಟ್ಟಿಯಾಗಿ ಕಲಸಿದ ಮೊಸರನ್ನ ಕೈಯಲ್ಲೇ ತಿನ್ನಲಿ. ಬಿಸಿ ಎಷ್ಟು, ತುತ್ತು ಎಷ್ಟು ಅಂತ ಬೆರಳಿಗೆ ಮೊದಲು ಗೊತ್ತಾಗುತ್ತದೆ. ಸಾರು, ಪಾಯಸ, ರಾಗಿ ಗಂಜಿಗೆ ಚಮಚ. ಬಿಸಿಬೇಳೆಬಾತ್ ಅಂಟುವುದರಿಂದ ಅದಕ್ಕೂ ಚಮಚ.

ಇವತ್ತು ಬೇಕೆಂದೇ ಮತ್ತೆ ಬಿಸಿಬೇಳೆಬಾತ್ ಮಾಡಿಸಿದೆ. ಹೊಸ ಚಮಚಗಳನ್ನು ಆಯಮ್ಮ ಬೆಳಿಗ್ಗೆಯೇ ಕುದಿಸಿ, ಬಿಳಿ ಬಟ್ಟೆಯ ಮೇಲೆ ಹರಡಿ ಒಣಗಿಸಿದ್ದರು. ತಟ್ಟೆಯಿಂದ ಅನ್ನ ಹೊರಗೆ ಜಾರುತ್ತಿತ್ತಲ್ಲ, ಅದಕ್ಕೆ ಚಪ್ಪಟೆ ತಟ್ಟೆ ಬಿಟ್ಟು ನೆಟ್ಟಗಿನ ಅಂಚಿರುವ ಬಟ್ಟಲಿನಲ್ಲಿ ಬಡಿಸಿದೆವು. ಆ ಹುಡುಗಿ ಮುಷ್ಟಿಯಲ್ಲೇ ಹಿಡಿದಳು. ಬಟ್ಟಲಿನ ಅಂಚಿಗೆ ಒತ್ತಿದಳು, ತುಂಬಿಕೊಂಡಳು, ಎತ್ತಿದಳು. ಚಮಚ ತಿರುಗಲಿಲ್ಲ. ತುಟಿ ಮುಚ್ಚಿ ಎಳೆದಳು. ಹೊರಗೆ ಬಂದ ಚಮಚ ಖಾಲಿ. ಅವಳು ನನ್ನ ಕಡೆ ನೋಡಲೇ ಇಲ್ಲ, ಆಗಲೇ ಎರಡನೇ ತುತ್ತಿಗೆ ಹೋಗಿದ್ದಳು. ನಾಲ್ಕಾರು ಅಗುಳು ಚೆಲ್ಲಿತು. ಊಟ ಮುಗಿಸಿ ತಾನೇ ಬಟ್ಟೆ ತಂದು ಒರೆಸಿದಳು.

ನಾಳೆ ಅಂಗಡಿಗೆ ಫೋನ್ ಮಾಡಿ ಇನ್ನೂ ಎರಡು ಡಜನ್ ಹೇಳಬೇಕು. ಎರಡೂವರೆ ವರ್ಷದ ನಾಲ್ವರಿಗೆ 14 ಕೂಡ ಉದ್ದವೇ ಆಯಿತು, 12ರದು ಸಿಗುತ್ತಾ ಕೇಳಬೇಕು. ಲೋಟಗಳನ್ನೂ ಅಳೆಯಬೇಕು.